ಏಳು ಮೈಲಿಯ ಸುಳ್ಳು

ನಾನು ಒಂದು ವೈರ್‌ಲೆಸ್ ಸೆಟ್. ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ, ಬಾಳಿದ್ದು ಗಂಗೊಳ್ಳಿ ಬಂದರಿನ ಒಂದು ಮೀನಿನ ಬೋಟಿನಲ್ಲಿ. ಆಡಿದ ಮಾತನ್ನು ಕಣ್ಣಿಗೆ ಕಾಣದ ಅಲೆಯಾಗಿಸಿ ಎಸೆಯುವುದು ನನ್ನ ಕಸುಬು. ಬೆಳಕೂ ಇದೇ ವಂಶದ್ದು. ನನ್ನ ದಾಯಾದಿಗಳು ಆಸ್ಪತ್ರೆಯಲ್ಲಿ ಮುರಿದ ಮೂಳೆ ತೋರಿಸುತ್ತವೆ, ಅಡುಗೆಮನೆಯಲ್ಲಿ ತಂಗಳನ್ನ ಬಿಸಿ ಮಾಡುತ್ತವೆ. ಸೆಕೆಂಡಿಗೆ ಭೂಮಿಯನ್ನು ಏಳು ಸುತ್ತು ಹಾಕಬಲ್ಲ ಕುಲ ನಮ್ಮದು. ಇಂಥ ನನ್ನ ಪಾಲಿಗೆ ಬಂದದ್ದು ಹೆರಿಯಣ್ಣನ ಸುಳ್ಳು ಹೊರುವ ಕೂಲಿ.

ಹೆರಿಯಣ್ಣ ಬೋಟಿನ ತಾಂಡೇಲ, ಅಂದರೆ ಅದನ್ನು ನಡೆಸುವ ಯಜಮಾನ. ಕಡಲ ತಳದಲ್ಲಿ ಒಂದು ಬಂಡೆಯಿತ್ತು. ಅದರ ಸುತ್ತ ಯಾವಾಗಲೂ ಮೀನು. ಆ ಜಾಗವನ್ನು ಅವನಪ್ಪ ಸಾಯುವ ಮುಂಚೆ ಇಬ್ಬರು ಮಕ್ಕಳ ಕಿವಿಯಲ್ಲಿ ಮಾತ್ರ ಹೇಳಿದ್ದ. ನನ್ನೊಳಗೆ ಒಬ್ಬ ಮಾತಾಡಿದರೆ ನಲವತ್ತು ಬೋಟಿಗೆ ಕೇಳುತ್ತದೆ. ಅದಕ್ಕೇ ಯಾರು ಕೇಳಿದರೂ ಹೆರಿಯಣ್ಣ ಬಂಡೆಯಿಂದ ಏಳು ಮೈಲಿ ತೆಂಕಣ ಜಾಗವನ್ನೇ ಹೇಳುತ್ತಿದ್ದ. "ಇಲ್ಲ್ ಎಂತದೂ ಇಲ್ಲೆ ಮಾರಾಯ, ಬಲೆ ಖಾಲಿ" ಎಂದು ಮೇಲೊಂದು ನಿಟ್ಟುಸಿರು ಬೇರೆ. ಉಳಿದ ತಾಂಡೇಲರೇನು ಹರಿಶ್ಚಂದ್ರರಲ್ಲ. ತಾನು ಕಳ್ಳ, ಪರರ ನಂಬ. ಅವರೆಲ್ಲರ ಬೊಗಳೆ ಕೇಳಿ ಕೇಳಿ ನನಗೆ ಹೇಸಿಗೆ ಹಿಡಿದಿತ್ತು.

ಒಂದು ಮಧ್ಯಾಹ್ನ ಬಂಡೆಯ ಹತ್ತಿರವೇ ಬೋಟಿನ ಅಡಿಹಲಗೆ ಬಿರಿದು ನೀರು ನುಗ್ಗಿತು. ಎಂಜಿನ್ ನಿಂತಿತು. ಬೋಟಿನಲ್ಲಿದ್ದವರು ಏಳು ಜನ. ಹೆರಿಯಣ್ಣ ನನ್ನನ್ನು ಹಿಡಿದು, "ಬೇಗ ಬನ್ನಿ, ಬೋಟ್ ಮುಳುಗ್ತಾ ಇತ್ತ್!" ಎಂದು ಅರಚಿದ. ಜಾಗ ಯಾವುದು ಹೇಳಿದ ಗೊತ್ತೇ? ಅದೇ, ಏಳು ಮೈಲಿ ತೆಂಕಣದ್ದು!

ದೂರದಲ್ಲಿ ಕಾಣುತ್ತಿದ್ದ ಎರಡು ಬೋಟುಗಳು ತಕ್ಷಣ ದಕ್ಷಿಣಕ್ಕೆ ತಿರುಗಿ ಓಡಿದವು. ನೀರು ಮೊಗೆಯುತ್ತಿದ್ದ ತಮ್ಮ ನಾರ್ಣ ದಂಗಾಗಿ ನಿಂತ.

"ಅಣ್ಣಾ, ಎಂತ ಹೇಳ್ದೆ ನೀನ್? ಅವ್ರ್ ಬ್ಯಾರೆ ಕಡಿಗೆ ಹೋತಿದ್ರ್!"

"ಸುಮ್ನಿರ್. ಹುಡ್ಕಂಡ್ ಬತ್ರ್. ಅಪ್ಪನ್ ಬಂಡೆ ಜಾಗ ಊರಿಗೆಲ್ಲ ಹೇಳುಕಾತ್ತಾ?"

ನೀರು ಮೊಣಕಾಲು ದಾಟಿತ್ತು. ನಾರ್ಣ ಅಣ್ಣನನ್ನು ತಳ್ಳಿ ನನ್ನನ್ನು ಕಸಿದುಕೊಂಡ. "ಮೊದ್ಲ್ ಹೇಳ್ದ್ ಸುಳ್ಳ್! ನಾವ್ ಇಲ್ಲಿದ್ದೊ!" ಎಂದು ಬಂಡೆಯ ಜಾಗವನ್ನು ಮೂರು ಸಲ ಕೂಗಿ ಹೇಳಿದ. ಆ ಬೋಟಿನಿಂದ ನಾನು ಹೊತ್ತ ಮೊದಲ ನಿಜ ಅದು. ಹೋದ ಬೋಟುಗಳು ತಿರುಗಿ ಬರುವಷ್ಟರಲ್ಲಿ ನೀರು ಎದೆಮಟ್ಟಕ್ಕೆ ಏರಿತ್ತು. ಏಳೂ ಜನರನ್ನು ಎಳೆದುಕೊಂಡರು, ಅರೆ ಮುಳುಗಿದ ಬೋಟಿಗೆ ಹಗ್ಗ ಕಟ್ಟಿ ದಡ ಸೇರಿಸಿದರು.

ಮರುದಿನ ಬಂಡೆಯ ಮೇಲೆ ನಲವತ್ತು ಬೋಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೆರಿಯಣ್ಣ ನನಗೆ ಶಾಪ ಹಾಕಿ, ಕಿತ್ತು, ಬಂದರಿನ ಗುಜರಿಗೆ ಎಸೆದ. ಉಪ್ಪುನೀರು ಕುಡಿದ ನನಗೆ ಇನ್ನು ದನಿಯಿಲ್ಲ. ಬೇಸರವೂ ಇಲ್ಲ, ಯಾರ ಸುಳ್ಳನ್ನೂ ಹೊರಬೇಕಿಲ್ಲವಲ್ಲ.

ಗುಜರಿಗೆ ಬಂದವರು ಮಾತಾಡಿಕೊಳ್ಳುತ್ತಾರೆ. ಹೆರಿಯಣ್ಣ ಈಗಲೂ ತಮ್ಮನ ಮುಖ ನೋಡುವುದಿಲ್ಲವಂತೆ. ಕೇಳಿದರೆ, "ಅವ ಅಪ್ಪನ್ ಆಸ್ತಿ ಹಾಳ್ ಮಾಡ್ದ" ಅನ್ನುತ್ತಾನಂತೆ. ಆ ಅಪ್ಪನಿಗೆ ಹುಟ್ಟಿದ ಇಬ್ಬರನ್ನೂ ಉಳಿಸಿದವನ ಬಗ್ಗೆ ಆಡುವ ಮಾತು ಇದು.