ಒಂದು ಹಿಡಿ ಸುಣ್ಣ

ಎಲ್ ಸೊಕೆತೆ ಬಡಾವಣೆಯ ಶಿಶುವಿಹಾರದ ಗೋಡೆ ಬಿದ್ದು ನಾಲ್ಕು ವರ್ಷದ ಎಲೋಯ್ ಸತ್ತ. ಸುಣ್ಣ ಕದ್ದು ಮಾರಿದನೆಂದು ಮೇಸ್ತ್ರಿ ಫಿದೆನ್ಸಿಯೊನನ್ನು ಜೈಲಿಗೆ ಹಾಕಿದರು.

ಹುಡುಗನನ್ನು ಹೂತದ್ದೂ ಆ ಗೋಡೆ ನಿಂತಿದ್ದ ಕರಿ ಎರೆಮಣ್ಣಿನಲ್ಲೇ. ಗುಂಡಿ ತೋಡಿದವರ ಸಲಿಕೆಗೆ ಮಣ್ಣು ಮೆತ್ತಿಕೊಂಡು, ಪ್ರತಿ ಸಲವೂ ಕಾಲಿನಿಂದ ಒದ್ದು ಬಿಡಿಸಬೇಕಾಯಿತು. ಬಾಹಿಯೊ ಬಯಲಿನ ಆ ನೆಲ ಮಳೆ ಕುಡಿದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ತೋಳು ಹೋಗುವಷ್ಟು ಬಾಯಿ ಬಿಡುತ್ತದೆ. ಸೊಕೆತೆ ಎಂದರೆ ಅಲ್ಲಿಯವರ ಬಾಯಲ್ಲಿ ಜಿಗುಟು ಕೆಸರು. ಪೆದ್ದ ಎಂದೂ ಅರ್ಥ. ಬಸ್ಸಿನವರು ಬಡಾವಣೆಯ ತಿರುವು ಬಂದಾಗ, ಪೆದ್ದರೆಲ್ಲ ಇಳೀರಪ್ಪ ಎಂದು ಕೂಗುತ್ತಿದ್ದರು, ಇಳಿಯುವವರೂ ನಗುತ್ತಿದ್ದರು. ಎಲೋಯ್‌ನನ್ನು ಹೂತ ಮೇಲೆ ಯಾರೂ ಕೂಗಲಿಲ್ಲ.

ಓತಿಲಿಯಾ ಆ ಕಟ್ಟಡದ ಕೆಲಸಗಾರರಿಗೆ ಅಡುಗೆ ಮಾಡಿ ಹಾಕಿದವಳು. ಫಿದೆನ್ಸಿಯೊನ ಮಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನದ ನೀರು ಹಾಕಿಸುವಾಗ ಮಗುವನ್ನು ಎತ್ತಿ ಹಿಡಿದವಳೂ ಅವಳೇ. ಅಂದಿನಿಂದ ಅವನು ಅವಳನ್ನು ಅಕ್ಕಾ ಎನ್ನುತ್ತಿದ್ದ. ಒಡಹುಟ್ಟಿದವರು ಬಿಟ್ಟುಹೋದರೂ ಈ ನಂಟು ಬಿಡುವಂಥದ್ದಲ್ಲ.

ಎರೆಯನ್ನು ಪಳಗಿಸಬೇಕಾದರೆ ಸುಣ್ಣ ಬೇಕು. ನೆಲ ಅಗೆದು, ಸುಣ್ಣ ಚೆಲ್ಲಿ, ನೀರು ಕೊಟ್ಟು, ಮಗುಚಿ ಒಂದೆರಡು ದಿನ ಬಿಟ್ಟರೆ ಜಿಗುಟು ಸತ್ತು ಮಣ್ಣು ರವೆಯ ಹಾಗೆ ಉದುರಾಗುತ್ತದೆ. ಆಮೇಲೆ ರೋಲರ್ ಹಾಯಿಸಿದರೆ ಉಬ್ಬುವ ಹಟ ಬಿಡುತ್ತದೆ. ಓತಿಲಿಯಾಳ ಒಲೆಯ ಮೇಲೂ ಅದೇ ಸುಣ್ಣ. ಸುಣ್ಣದ ನೀರಿನಲ್ಲಿ ಕುದಿಸಿ ನೆನೆಯಲು ಬಿಟ್ಟ ಮೆಕ್ಕೆಜೋಳವನ್ನು ಬೆಳಿಗ್ಗೆ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಜಾರುತ್ತದೆ. ಹಾಗೆ ಸಿಪ್ಪೆ ಬಿಟ್ಟ ಜೋಳ ಮಾತ್ರ ಅರೆದರೆ ರೊಟ್ಟಿಗೆ ಒದಗುತ್ತದೆ.

ಬೇಸಿಗೆಯಲ್ಲಿ ಒಂದು ಸಂಜೆ ಅವಳ ಸುಣ್ಣ ತೀರಿತ್ತು. ಫಿದೆನ್ಸಿಯೊ ನೆಲಕ್ಕೆಂದು ಒಟ್ಟಿದ್ದ ಚೀಲಗಳನ್ನು ತೋರಿಸಿ, ಒಂದು ಹಿಡಿ ತಗೊ ಅಕ್ಕಾ, ನೆಲ ಮುನಿಸಿಕೊಳ್ಳಲ್ಲ ಎಂದ. ತಗೊಂಡಳು. ಮರುದಿನ ಸಿಪ್ಪೆ ಬಿಡಲಿಲ್ಲ. ಉಜ್ಜಿ ಉಜ್ಜಿ ಅಂಗೈ ಕೆಂಪಾಯಿತು. ಹಾಗೇ ಅರೆದು ತಟ್ಟಿದ ರೊಟ್ಟಿ ಹಂಚಿನ ಮೇಲೆ ಬಿರಿದು ಒರಟಾಯಿತು.

"ಅಕ್ಕಾ, ಇದು ತಿನ್ನೋಕೋ, ಚಪ್ಪಲಿಗೆ ಅಟ್ಟೆ ಹಾಕ್ಸೋಕೋ?" ಎಂದ ರೋಲರಿನವನು.

"ಅಟ್ಟೆ ಆದ್ರೂ ಬಗ್ಗುತ್ತೆ ಕಣೋ," ಎಂದ ಇನ್ನೊಬ್ಬ.

ಓತಿಲಿಯಾ ಅವಮಾನವನ್ನು ನುಂಗಿಕೊಂಡು, ಸಂಜೆ ಜೋಳದ ವ್ಯಾಪಾರಿ ಚೋನ್‌ನ ಅಂಗಡಿಗೆ ಹೋಗಿ, ಹುಳ ಹಿಡಿದ ಜೋಳವನ್ನೂ ತೂಗಿ ಕೊಡುವ ಕಳ್ಳ ಎಂದು ನಾಲ್ಕು ಜನರ ಮುಂದೆ ಜಾಡಿಸಿ ಬಂದಳು. ಸುಣ್ಣವನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ. ಜೋಳ ಮೋಸ ಮಾಡುತ್ತದೆ, ಸೌದೆ ಮಾಡುತ್ತದೆ, ಗಂಡ ಮಾಡುತ್ತಾನೆ. ಸುಣ್ಣ ಮೋಸ ಮಾಡುವುದುಂಟೆ?

ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಸುಣ್ಣದಲ್ಲೇ ಏನೋ ಇದೆಯೆಂದು ಗೊತ್ತಾಗತೊಡಗಿತ್ತು. ಚೀಲ ಚೀಲ ಸುರಿದರೂ ಎರೆ ಉದುರಾಗದೆ ರೋಲರಿಗೆ ಅಂಟುತ್ತಲೇ ಇತ್ತು. ಕಟ್ಟಡದ ಗುತ್ತಿಗೆ ಹಿಡಿದ ಕಂಪನಿಯ ಇಂಜಿನಿಯರ್ ಬಾರಗಾನ್ ಒಂದು ಉಂಡೆ ಎತ್ತಿ ಬೆರಳಲ್ಲಿ ಮಿದಿದು ನೋಡಿದ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡ, ರೋಲರ್ ಹೊಡೀರಿ ಎಂದ. ಅವನು ಓದಿದ್ದರಲ್ಲಿ ಏನೂ ಕಮ್ಮಿ ಇರಲಿಲ್ಲ. ಮಣ್ಣು ಇನ್ನೂ ಹಣ್ಣಾಗಿಲ್ಲ ಸ್ವಾಮಿ ಎಂದು ಫಿದೆನ್ಸಿಯೊ ಅಂದದ್ದಕ್ಕೆ, ಹಾಗಾದರೆ ಅದು ಹಣ್ಣಾಗುವವರೆಗೆ ನೀನು ಮನೆಯಲ್ಲಿರು ಎಂಬ ಉತ್ತರ ಬಂತು. ಫಿದೆನ್ಸಿಯೊ ರೋಲರ್ ಹೊಡೆಸಿದ. ಬಡವನ ಬಾಯಿಗೆ ಬೀಗ ಜಡಿಯಲು ಕಬ್ಬಿಣ ಬೇಕಿಲ್ಲ, ಶನಿವಾರದ ಕೂಲಿ ಸಾಕು.

ಮಳೆ ಬಂತು. ಶಿಶುವಿಹಾರದ ನೆಲ ನಡುವೆ ಬೆನ್ನೆತ್ತಿತು, ಬಾಗಿಲು ಬಿಗಿದುಕೊಂಡಿತು, ಮೂಲೆ ಸೀಳು ಬಿಟ್ಟಿತು. ಒಂದು ಬೆಳಿಗ್ಗೆ ಮಕ್ಕಳು ಹಾಡು ಹೇಳುತ್ತಿದ್ದಾಗ ಗೋಡೆ ಒಳಕ್ಕೆ ಬಿತ್ತು. ತಜ್ಞರು ಬಂದು ಅಡಿಯ ಮಣ್ಣು ಒಯ್ದು, ಇದರಲ್ಲಿ ಸುಣ್ಣವೇ ಇಲ್ಲ ಎಂದರು. ಮತ್ತೆ ಏನಿದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಸುಣ್ಣ ಇದೆಯೇ ಎಂದಷ್ಟೇ ಕೇಳಿದ್ದರು. ಕಂಪನಿಗೂ ಅಷ್ಟೇ ಬೇಕಾಗಿತ್ತು. ಚೀಲಗಳನ್ನು ನಾವು ಕಳಿಸಿದ್ದೆವು, ಮೇಸ್ತ್ರಿ ಮಾರಿಕೊಂಡ ಎಂದಿತು.

ಫಿದೆನ್ಸಿಯೊನನ್ನು ಹಿಡಿದ ಸುದ್ದಿ ಕೇಳಿದಾಗ ಓತಿಲಿಯಾ ಹಿಟ್ಟಿನ ಗಿರಣಿಯ ಸಾಲಿನಲ್ಲಿ ನಿಂತಿದ್ದಳು. ಸಿಪ್ಪೆ ಬಿಡದ ಆ ಜೋಳ ನೆನಪಾಗಿ ಸಾಲು ಬಿಟ್ಟು ಹೊರಬಂದಳು. ಜೋಳದ ಸಿಪ್ಪೆ ಬಿಡಿಸದ, ಎರೆಯ ಜಿಗುಟು ಕೊಲ್ಲದ ಆ ಬಿಳುಪು ಸುಣ್ಣವಾಗಿರಲು ಸಾಧ್ಯವಿಲ್ಲ, ಚೀಲದಲ್ಲಿದ್ದದ್ದು ಅಮೃತಶಿಲೆ ಕೊಯ್ದಾಗ ಉದುರುವ ಬಿಳಿ ಪುಡಿ. ಸುಣ್ಣ ಬಂದೇ ಇರಲಿಲ್ಲ. ಬಾರದ ಸುಣ್ಣವನ್ನು ಫಿದೆನ್ಸಿಯೊ ಕದಿಯುವುದು ಹೇಗೆ? ಮೊದಲು ಚೋನ್‌ನ ಅಂಗಡಿಗೆ ಹೋಗಿ ತಪ್ಪಾಯಿತು ಎಂದಳು. ಅವನು ತಕ್ಕಡಿಯಿಂದ ಕಣ್ಣೆತ್ತದೆ, ನನ್ನ ಹತ್ತಿರ ಏನು ಹೇಳುತ್ತೀ, ಹೇಳಬೇಕಾದ ಕಡೆ ಹೋಗಿ ಹೇಳು ಎಂದ.

ಹೋದಳು. ಸರ್ಕಾರಿ ವಕೀಲ ಒಲ್ವೇರಾ ಅವಳಿಗೆ ಕುರ್ಚಿ ಕೊಟ್ಟ, ಕಾಫಿ ತರಿಸಿದ, ನಡುವೆ ಬಾಯಿ ಹಾಕದೆ ಕೇಳಿದ. ಇಂಜಿನಿಯರ್ ಬಾರಗಾನ್ ಕಿಟಕಿಯ ಬಳಿ ಕೂತಿದ್ದ. ಅವನು ಅಲ್ಲಿ ಏಕಿದ್ದಾನೆಂದು ಯಾರೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಟೈಪು ಮಾಡಿದ ಹುಡುಗಿ ಓದಿದಳು. ಮೇಸ್ತ್ರಿ ಫಿದೆನ್ಸಿಯೊ ಹೇಳಿದಂತೆ ನಾನು ಕಟ್ಟಡದ ಸುಣ್ಣವನ್ನು ಅಡುಗೆಗೆ ಒಯ್ದೆನು ಎಂದಷ್ಟೇ ಇತ್ತು. ಸಿಪ್ಪೆ ಬಿಡದ್ದು ಎಲ್ಲಿ ಹೋಯಿತು ಎಂದು ಓತಿಲಿಯಾ ಕೇಳಿದಳು. ಅಡುಗೆಯ ವಿಚಾರ ಕೋರ್ಟಿಗೆ ಬೇಡವಮ್ಮ ಎಂದ ವಕೀಲ.

ಆಗ ಅವಳಿಗೆ ಅರ್ಥವಾಯಿತು. ಒಂದು ಹಿಡಿ ಸುಣ್ಣ ತಗೊಂಡೆ ಎಂದು ಅವಳೇ ಹೇಳಿದ್ದಳು. ಚೀಲದ ಮೇಲೆ ಹಾಗೆ ಬರೆದಿತ್ತು, ಎಲ್ಲರೂ ಹಾಗೆ ಕರೆದರು, ರೂಢಿಯ ನಾಲಿಗೆ ಹಾಗೇ ಅಂದಿತು. ಅವಳು ಸುಣ್ಣ ಒಯ್ದಿದ್ದರೆ ಚೀಲದಲ್ಲಿ ಸುಣ್ಣ ಇತ್ತು. ಸುಣ್ಣ ಇದ್ದರೆ ಕಳ್ಳನಿದ್ದ. ಕಳ್ಳನಿದ್ದರೆ ಕಂಪನಿಯ ಕೈ ತೊಳೆದಷ್ಟು ಬಿಳುಪು. ಫಿದೆನ್ಸಿಯೊನನ್ನು ಬಿಡಿಸಲು ಬಂದವಳು ತನ್ನ ಬಾಯಿಂದಲೇ ಅವನ ಸಂಕೋಲೆ ಬಿಗಿದಿದ್ದಳು.

"ಆ ಮಾತು ತೆಗೀರಿ," ಎಂದಳು.

"ಯಾವ ಮಾತಮ್ಮ?"

"ಸುಣ್ಣ. ಅದು ಸುಣ್ಣ ಅಲ್ಲ. ಕಲ್ಲಿನ ಪುಡಿ."

"ಸುಣ್ಣ ಅಂತ ನೀವೇ ಅಂದ್ರಲ್ಲ."

"ಅಂದೆ. ತಪ್ಪು ಅಂದೆ."

ಬಾರಗಾನ್ ಕಿಟಕಿಯ ಕಡೆಯಿಂದಲೇ, ಪುಡಿ ಯಾವುದೆಂದು ಹೇಳುವುದು ಅಡುಗೆಯವರ ಕೆಲಸವಲ್ಲ ಎಂದ.

"ಹಾಗಾದ್ರೆ ನೀವೇ ಹೇಳಿ ಸ್ವಾಮಿ. ನೀವೂ ಬೆರಳಲ್ಲಿ ಮಿದಿದು ನೋಡಿದ್ರಲ್ಲ."

ಬಾರಗಾನ್ ಫೋನು ತೆಗೆದು ಅದನ್ನೇ ನೋಡತೊಡಗಿದ.

ವಕೀಲ ದನಿ ಏರಿಸದೆ ವಿವರಿಸಿದ. ಒಪ್ಪಿದರೆ ಅವಳು ಸಾಕ್ಷಿ, ಇವತ್ತೇ ಮನೆಗೆ ಹೋಗಬಹುದು. ಒಪ್ಪದಿದ್ದರೆ ಅವಳೂ ಕಳ್ಳಿ. ಕೈ ಹಾಕಿದ್ದನ್ನು ಅವಳೇ ಹೇಳಿದ್ದಾಳೆ. ಜೈಲಿನಲ್ಲೂ ಅಡುಗೆಯವರು ಬೇಕಂತೆ ಎಂದ. ಟೈಪಿನ ಹುಡುಗಿ ನಕ್ಕು, ತಕ್ಷಣ ತಲೆ ತಗ್ಗಿಸಿದಳು. ಅವನು ಶಾಯಿಯ ಡಬ್ಬಿ ತೆರೆದು ಓತಿಲಿಯಾಳ ಮುಂದಿಟ್ಟ.

"ಹೆಬ್ಬೆಟ್ಟು ಒತ್ತಿ."

"ಕದ್ದೆ ಅಂತ ಬರ್ಕೊಳ್ಳಿ, ಬೇಡ ಅನ್ನಲ್ಲ. ಏನು ಕದ್ದೆ ಅನ್ನೋದನ್ನ ಸರಿಯಾಗಿ ಬರೀರಿ."

"ಒತ್ತು," ಎಂದ ವಕೀಲ. ಈ ಸಲ ಬಹುವಚನ ಬಿದ್ದುಹೋಗಿತ್ತು.

ಓತಿಲಿಯಾ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡು ಕುರ್ಚಿಯಲ್ಲಿ ಇನ್ನಷ್ಟು ಊರಿ ಕೂತಳು.

"ಒತ್ತಲ್ಲ," ಎಂದಳು.