ತಾಳ ನಿಲ್ಲಬಾರದು

ಆ ದಿನ ಬೆಳಗ್ಗೆ ವಳಕಮದಿನ್ನಿ ಊರಿನ ಮೇಲೆ ದಟ್ಟ ಮಂಜು ಕವಿದಿತ್ತು. ಕಾಲುವೆ ಯಾವುದು, ನೀರು ನಿಂತ ಗದ್ದೆ ಯಾವುದು, ನಡುವಿನ ಏರಿ ಯಾವುದು ಎಂದು ತಿಳಿಯದಂತೆ ಶಿವನು ಎಲ್ಲವನ್ನೂ ಒಂದೇ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಂತಿತ್ತು. ಆ ಬಿಳುಪಿನೊಳಗೆ ಸೂಗಮ್ಮ ಏರಿ ಹಿಡಿದು ಬಿರಬಿರನೆ ನಡೆಯುತ್ತಿದ್ದಳು. ನಡೆಯುವ ರಭಸಕ್ಕೆ ಕೈಚೀಲದೊಳಗಿನ ಕಂಚಿನ ತಾಳದ ಜೋಡಿ ಒಂದಕ್ಕೊಂದು ತಾಕಿ ಕಿಣ್ ಎಂದಿತು. ಅವಳು ಗಕ್ಕನೆ ನಿಂತಳು. ಸಾವಿನ ಮನೆಗೆ ಹೀಗೆ ಸದ್ದು ಮಾಡುತ್ತ ಹೋಗುವುದೇ ಎಂದು ನಾಚಿ, ಎರಡರ ನಡುವೆ ಕರವಸ್ತ್ರ ತುರುಕಿದಳು. ಕಂಚು ಕೈಗೆ ಕೊರೆಯುವಷ್ಟು ತಣ್ಣಗಿತ್ತು.

ತಾಳ ಅವಳದಲ್ಲ, ಸತ್ತವನದು.

ಗಾದಿಲಿಂಗ ಆ ಊರಿನ ಭಜನಾ ಸಂಘದ ತಬಲಾದವನು. ಹೊಟ್ಟೆಪಾಡಿಗೆ ಕಾಲುವೆಯ ಗೇಟು ಕಾಯುತ್ತಿದ್ದ. ಮದುವೆಯಾಗಲಿಲ್ಲ. ನೌಕರಿ ಮುಗಿದ ಮೇಲೂ ಗೇಟಿನ ಹತ್ತಿರದ ಒಂಟಿ ಮನೆಯನ್ನು ಬಿಡಲಿಲ್ಲ. ಸೂಗಮ್ಮ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವನನ್ನು ಮಾವ ಎಂದು ಕರೆದು, ಅವನಿಂದಲೇ ಭಜನೆಯ ಪದ ಹಾಡುವುದನ್ನು ಕಲಿತಿದ್ದಳು. ಗಂಡನಿಗೆ ಮಸ್ಕಿಯ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕು ಊರು ಬಿಡುವ ದಿನ ಅವನು ಈ ತಾಳವನ್ನು ಅವಳ ಕೈಗಿಟ್ಟು, "ಇದು ಉಡುಗೊರಿ ಅಲ್ಲಬೇ, ಕಡ ಕೊಟ್ಟದ್ದು. ಮತ್ತ ಮಂದಿ ಮುಂದ ಹಾಡ್ತಿ ನೋಡು, ಅವತ್ತು ತಂದುಕೊಡು" ಎಂದಿದ್ದ. ಗಿರಣಿ ಮುಚ್ಚಿತು, ಗಂಡ ತೀರಿಕೊಂಡ, ಅವಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸಕ್ಕೆ ಸೇರಿದಳು. ಮಂದಿ ಮುಂದೆ ಹಾಡುವ ದಿನ ಮಾತ್ರ ಬರಲಿಲ್ಲ. ತಾಳ ಮೊಳೆಗೆ ನೇತಾಡುತ್ತ ಉಳಿಯಿತು. ಈಗ ತಂದಿದ್ದಾಳೆ. ಆದರೆ ಹಾಡದೆ ಹೇಗೆ ಕೊಡುವುದು, ಕೊಟ್ಟರೂ ಯಾರಿಗೆ ಕೊಡುವುದು?

ಮನೆ ಮುಂದಿನ ಕಟ್ಟೆಯ ಮೇಲೆ ಗಾದಿಲಿಂಗನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಅವನ ತಬಲಾ, ಡಗ್ಗಾ ಎರಡಕ್ಕೂ ಬಟ್ಟೆ ಮುಚ್ಚಿದ್ದರು. ನುಡಿಸಿದವನು ಮಣ್ಣಿಗೆ ಹೋಗುವ ದಿನ ಅವನ ವಾದ್ಯವನ್ನು ಬೇರೆಯವರು ಮುಟ್ಟಬಾರದು ಎಂಬುದು ಸಂಘದ ಕಟ್ಟಳೆ.

ಸೂಗಮ್ಮ ಕಾಲು ಮುಟ್ಟಿ ನಮಸ್ಕರಿಸಿ ಹೆಂಗಸರ ನಡುವೆ ಕುಳಿತಳು. ದಿನವೂ ಅವನಿಗೆ ರೊಟ್ಟಿ ಕೊಡುತ್ತಿದ್ದ ಬಸ್ಸಮ್ಮ ಮೂಗು ಒರೆಸಿಕೊಂಡು ಅವಳ ಕಡೆ ವಾಲಿದಳು.

"ನಿನ್ನಿ ಸಂಜಿಕ ರೊಟ್ಟಿ ಕೊಡಾಕ ಬಂದ್ನೆವ್ವಾ. ಹಿಂಗ ಗ್ವಾಡಿಗೆ ಆನ್ಕೊಂಡು ಕುಂತಿದ್ದ. ಕೈ ಎರಡೂ ತೊಡಿ ಮ್ಯಾಲ. ಯಾವಾಗಿನಂಗ ತೊಡಿ ಮ್ಯಾಲ ತಬಲಾ ಬಾರಿಸಾಕತ್ತ್ಯಾನ, ಕರದ್ರ ಬೈತಾನ ಅಂತ ಸುಮ್ಕ ರೊಟ್ಟಿ ಇಟ್ಟು ಹೋದೆ. ಗಂಗಾಳ ಒಯ್ಯಾಕ ಬಂದು ನೋಡ್ತೀನಿ, ರೊಟ್ಟಿ ಇಟ್ಟಂಗ ಅದಾವು."

"ಬಾಯಿ ಪಿಟಿಪಿಟಿ ಅಂತಿರಲಿಲ್ಲೇನು? ಬಾಯಾಗ ಅಂದುಕೊಂತ ಬಾರಿಸ್ತಿದ್ನಲ್ಲ" ಎಂದಳು ಪಕ್ಕದವಳು.

"ಅದನ್ನ ಯಾರ ನೋಡ್ಯಾರ. ಇವನ ಬಾಯಿ ನೋಡಿ ನೋಡಿ ನಮಗ ಸಾಕಾಗಿತ್ತು. ಒಮ್ಮೆ ಸಿಂಧನೂರ ಬಸ್ಸಿನ್ಯಾಗ ಮುಂದಿನ ಸೀಟಿನವನ ಬೋಳ ತಲಿ ಮ್ಯಾಲ ಬಾರಿಸಿ ಬೈಸಿಕೊಂಡಾನ!"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗುವಿನ ಬೆನ್ನಿಗೇ ಅಳು ಬಂತು.

ಅಂಗಳದಲ್ಲಿ ದಸ್ತಗೀರ್‌ಸಾಬ್ ತಮ್ಮ ಹಾರ್ಮೋನಿಯಂ ಪೇಟಿಯ ಗಾಳಿಚೀಲವನ್ನು ಬಿಚ್ಚಿ ಮುಚ್ಚಿ ನೋಡುತ್ತಿದ್ದರು. ಸಂಘದಲ್ಲಿ ಉಳಿದವರು ಅವರೊಬ್ಬರೇ. ತಾರುಣ್ಯದಿಂದ ಅವರ ಪೇಟಿ, ಇವನ ತಬಲಾ ಜೊತೆಯಾಗಿ ನಡೆದಿದ್ದವು. ಅವರೆದುರು ಸತ್ತವನ ಅಕ್ಕನ ಮಗ ದುರುಗೇಶ ನಿಂತಿದ್ದ. ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ರಾತ್ರಿಯಿಡೀ ಓಡಾಡಿ ಕಣ್ಣು ಕೆಂಪಾಗಿದ್ದವು.

"ಸಾಬರ, ನಿಮಗ ಯಾಕ ತ್ರಾಸ? ಸೌಂಡ್ ಬಾಕ್ಸಿನ ಗಾಡಿ ಬಂದೈತಿ. ಪದ ಎಲ್ಲಾ ಪೆನ್‌ಡ್ರೈವಿನ್ಯಾಗ ಅದಾವು."

"ಪೆನ್‌ಡ್ರೈವಿಗೆ ಗಾದಿಲಿಂಗನ ಗುರ್ತ ಐತೇನಲೇ?"

ದುರುಗೇಶ ತಲೆ ಕೆರೆದುಕೊಂಡ. "ಹಂಗಲ್ರೀ. ನಿಮ್ಮ ಉಸುರು ನಿಮಗ ಸಾಲವಲ್ದು..."

"ಸಂಘದಾಂವ ಸತ್ರ ಮನಿಯಿಂದ ಮಣ್ಣಿನತನಕ ತಾಳ ನಿಲ್ಲಬಾರದು. ಪದ ನಿಂತ್ರ ನಿಲ್ಲಲಿ, ತಾಳ ನಿಲ್ಲಬಾರದು. ಇದನ್ನ ಹೇಳಿದಾಂವ ನಿಮ್ಮ ಮಾವನ." ಅವರು ಕತ್ತು ಹೊರಳಿಸಿದರು. "ಸೂಗವ್ವಾ, ಬಂದೀ? ಚಲೋ ಆತು. ನಾ ಪೇಟಿ ಹಿಡೀತೀನಿ, ನೀ ಪದ ಹಾಡು."

ಸೂಗಮ್ಮನ ನಾಲಿಗೆ ಅಂಗುಳಕ್ಕೆ ಅಂಟಿತು. ಅಂಗಳದ ತುಂಬ ಜನ. ಎಲ್ಲರ ಕಣ್ಣೂ ತನ್ನ ಮೇಲೆ. ಈ ಒಣಗುವಿಕೆ ಅವಳಿಗೆ ಹೊಸದಲ್ಲ, ಲಿಂಗಸುಗೂರಿನ ವೇದಿಕೆಯ ಮೇಲೂ ಹೀಗೇ ಬಂದಿತ್ತು.

"ಕೆಮ್ಮು ಐತ್ರೀ ಕಾಕಾ... ನಾ ತಾಳ ಹಿಡೀತೀನಿ. ಪದ ನೀವ ಹೇಳ್ರಿ."

ಸಾಬರು ಒಂದು ಕ್ಷಣ ಅವಳ ಮುಖ ನೋಡಿದರು. ಕೆಮ್ಮಿನ ಮಾತನ್ನು ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. "ಆತು ತಗೋ" ಎಂದರು.

*

ಮೂವತ್ತು ವರ್ಷದ ಹಿಂದಿನ ಮಾತು. ಗಾದಿಲಿಂಗ ಅವಳಿಗೆ ಪದ ಕಲಿಸುತ್ತಿದ್ದದ್ದು ಕಾಲುವೆಯ ಗೇಟಿನ ಪಕ್ಕ, ನೀರು ಭೋರ್ಗರೆದು ಧುಮುಕುವ ಕಡೆಯಲ್ಲಿ.

"ಇಲ್ಲಿ ನನ್ನ ದನಿ ನನಗ ಕೇಳವಲ್ದು ಮಾವ" ಎಂದು ಅವಳು ಗೊಣಗಿದರೆ, "ಮಂದಿ ಕುಂತಲ್ಲಿ ಇದಕಿಂತ ಗದ್ಲ ಇರ್ತೈತಿ. ಹೊರಗ ಅಲ್ಲ, ನಿನ್ನ ಎದಿಯಾಗ. ಈಗ ರೂಢಿ ಮಾಡ್ಕೊ" ಎನ್ನುತ್ತಿದ್ದ.

ಆ ಪದ ಊರಲ್ಲಿ ಎಲ್ಲರಿಗೂ ಬರುತ್ತಿತ್ತು, ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ. "ಎಣ್ಣಿ ತೀರಿದ ಮ್ಯಾಲ ಬೆಳಕೆಲ್ಲಿ ಹೋಯಿತು" ಎಂಬ ಸಾಲಿನ ತನಕ ಸಲೀಸು. ಆಮೇಲೆ ದನಿ ಸುಮ್ಮನಾಗಿ, ತಾಳದ ಪೆಟ್ಟು ಬಿದ್ದ ನಂತರ, ಒಂದು ರೆಪ್ಪೆ ಬಡಿಯುವಷ್ಟು ತಡೆದು, "ಹೇಳೋ ಗುರುವೆ" ಎಂದು ಏಳಬೇಕು. ಎಲ್ಲರೂ ಅವಸರಕ್ಕೆ ಪೆಟ್ಟಿನ ಜೊತೆಗೇ ಎದ್ದು ಮುಗ್ಗರಿಸುತ್ತಿದ್ದರು. ಸೂಗಮ್ಮನೂ ಮುಗ್ಗರಿಸಿದಳು, ನಾಲಿಗೆ ಕಚ್ಚಿಕೊಂಡು ಪದವನ್ನು ಮೊದಲಿನಿಂದ ಎತ್ತಿಕೊಂಡಳು.

ಗಾದಿಲಿಂಗ ತಬಲಾದ ಮೇಲೆ ಅಂಗೈ ಒತ್ತಿ ಸದ್ದು ನಿಲ್ಲಿಸಿದ.

"ಮದ್ಲಿಂದ ಯಾಕ ಹೊಂಟಿ? ಮದ್ಲಿಂದು ನಿನಗ ಬರ್ತೈತಲ್ಲ. ಬರೋದನ್ನ ನೂರು ಸಲ ಹಾಡಿ ಖುಷಿ ಪಡ್ತಿ, ಬರಲಾರದಲ್ಲಿಗೆ ಬಂದಾಗ ದಣದಿರ್ತಿ. ಎಡವಿದ ಕಲ್ಲಿನ ಹತ್ರ ಕುಂದ್ರಬೇಕಬೇ. ಅದರ ಗುರ್ತ ಆಗಬೇಕು."

ಮಳೆಗಾಲವೆಲ್ಲ ಅವನು ಅವಳಿಂದ ಆ ಒಂದು ಮುರಿದ ತುಂಡನ್ನೇ ಹೇಳಿಸಿದ. ಅದೂ ಎಂಥ ನಿಧಾನ! ನೀರಿಗೆ ಬಂದ ಬಸ್ಸಮ್ಮ ಕೊಡ ಇಳಿಸಿ ನಿಂತು, "ಏನೋ ಗಾದಿಲಿಂಗ, ನಿನ್ನ ಎರಡು ಪೆಟ್ಟಿನ ನಡುವ ನಾ ಒಂದು ರೊಟ್ಟಿ ಬಡದು ಬೇಸಿ ಬರ್ತೀನಿ" ಎಂದು ಕಿಚಾಯಿಸುತ್ತಿದ್ದಳು.

"ಬೇಸಿದ್ದನ್ನ ಇಲ್ಲಿಗೂ ತಗೊಂಬಾ" ಎನ್ನುತ್ತಿದ್ದ ಅವನು, ತಾಳ ತಪ್ಪಿಸದೆ.

ಯಾರೂ ಇಲ್ಲದಾಗ ಅವನು ತನ್ನದನ್ನೂ ಹೀಗೇ ಸಾಧನೆ ಮಾಡುತ್ತಿದ್ದ. ಗೇಟಿನ ಕಬ್ಬಿಣದ ಚಕ್ರದ ಮೇಲೆ, ತೊಡೆಯ ಮೇಲೆ, ಏನೂ ಸಿಗದಿದ್ದರೆ ಬರೀ ಬಾಯೊಳಗೆ. ಏರಿಯ ಮೇಲೆ ಒಬ್ಬನೇ ಹೋಗುವ ಆ ಮನುಷ್ಯನ ತುಟಿ ಅಲ್ಲಾಡುವುದನ್ನು ಕಂಡು ಹೊಸಬರು ಯಾವುದೋ ಜಪವೆಂದು ಕೈಮುಗಿಯುತ್ತಿದ್ದರು. ಜಪವಲ್ಲವೆಂದು ಹೇಳಲಿಕ್ಕೂ ಬಾರದು.

ಆ ಚಳಿಗಾಲದಲ್ಲಿ ಲಿಂಗಸುಗೂರಿನಲ್ಲಿ ಭಜನಾ ಮೇಳ. ಸೂಗಮ್ಮ ಮೊದಲ ಸಲ ವೇದಿಕೆ ಏರಿದಳು. ಕಣ್ಣಿಗೆ ಹೊಡೆಯುವ ದೀಪ, ಅದರಾಚೆ ಕಪ್ಪಗೆ ಹರಡಿದ ತಲೆಗಳು. "ಬೆಳಕೆಲ್ಲಿ ಹೋಯಿತು" ಎಂದು ಮುಗಿಸಿದ್ದೇ ಬಾಯಿ ಒಣಗಿ, ಮುಂದಿನ ಸಾಲು ನೀರಿಗೆ ಬಿದ್ದ ಕಲ್ಲಿನಂತೆ ಮನಸ್ಸಿನಿಂದ ಮುಳುಗಿಹೋಯಿತು. ಸಾಬರ ಪೇಟಿ ತಡವರಿಸಿತು. ಅವಳು ಗಾಬರಿಯಿಂದ ಗಾದಿಲಿಂಗನ ಕಡೆ ತಿರುಗಿದಳು.

ಅವನು ಅವಳನ್ನು ನೋಡಲೇ ಇಲ್ಲ. ಹುಬ್ಬು ಗಂಟಿಕ್ಕಲಿಲ್ಲ, ಸಾಲು ಹೇಳಿಕೊಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕಣ್ಣು ಅರೆಮುಚ್ಚಿ ಅದೇ ತಾಳವನ್ನು ಅದೇ ನಿಧಾನದಲ್ಲಿ ನುಡಿಸುತ್ತ ಕುಳಿತ. ಒಂದು ಸುತ್ತು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು. ಗೇಟು ತೆರೆದಿಟ್ಟು ನೀರು ತಾನಾಗಿ ಬರಲೆಂದು ಪಕ್ಕದಲ್ಲಿ ಕುಳಿತ ಕಾವಲುಗಾರನ ಹಾಗಿದ್ದ. ಅವಳು ಜನರನ್ನು ಬಿಟ್ಟಳು, ಸಾಲು ಹುಡುಕುವುದನ್ನೂ ಬಿಟ್ಟಳು, ಬೀಳುವ ಪೆಟ್ಟನ್ನಷ್ಟೇ ಕೇಳಿದಳು. ಪೆಟ್ಟು ಬಿತ್ತು. ಬಿದ್ದ ಮೇಲೆ, ಕಾಲುವೆಯ ದಂಡೆಯಲ್ಲಿ ಕಲಿತ ಜಾಗದಲ್ಲಿಯೇ, "ಹೇಳೋ ಗುರುವೆ" ಎದ್ದು ಬಂತು. ಆ ಮೌನವನ್ನು ಬೇಕೆಂದೇ ಇಟ್ಟದ್ದೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ಕೆಳಗಿಳಿದು ಅವಳು ಅತ್ತಳು. ಅವನು ಮಂಡಕ್ಕಿ ಒಗ್ಗರಣಿಯ ಪ್ಲೇಟು ಅವಳ ಮುಂದೆ ಸರಿಸಿದ.

"ತಿನ್ನು, ಆರ್ತೈತಿ. ಪದ ಎಲ್ಲಿಗೂ ಹೋಗಂಗಿಲ್ಲಬೇ. ತಾಳ ನಡದಿದ್ರ ಅದಕ್ಕೊಂದು ಮನಿ ಇರ್ತೈತಿ, ತಿರುಗಿ ಬರ್ತೈತಿ."

*

ಸೂರ್ಯ ಮೇಲೇರಿದರೂ ಮಂಜು ಕರಗಲಿಲ್ಲ. ಗಾದಿಲಿಂಗನನ್ನು ಕುರ್ಚಿಯಲ್ಲಿ ಕೂಡಿಸಿ ಹೆಗಲ ಮೇಲೆ ಎತ್ತಿದರು. ಸೂಗಮ್ಮ ಚೀಲದಿಂದ ತಾಳ ತೆಗೆದು, ಕರವಸ್ತ್ರ ಬಿಡಿಸಿ, ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಸಾಬರು ಪೇಟಿಯನ್ನು ಕೊರಳಿಗೆ ಕಟ್ಟಿಕೊಂಡರು. ಹಿಂದೆ ದುರುಗೇಶನ ಸೌಂಡ್ ಬಾಕ್ಸಿನ ಗಾಡಿ ಬಾಯಿ ಮುಚ್ಚಿಕೊಂಡು ಬರುತ್ತಿತ್ತು.

ಇವತ್ತು ಸೋಮವಾರ ಎಂಬುದು ಅವಳಿಗೆ ಆಗ ನೆನಪಾಯಿತು.

ಸೋಮವಾರ ಸಂಜೆ ಅವನ ಫೋನು ಬರುತ್ತಿತ್ತು. ಮಾತು ಇರುತ್ತಿರಲಿಲ್ಲ. ಅವನು ಇಲ್ಲಿ ಫೋನು ನೆಲಕ್ಕಿಟ್ಟು ತಬಲಾ ನುಡಿಸುತ್ತಿದ್ದ. ಅವಳು ಅಲ್ಲಿ ಮಸ್ಕಿಯ ಬಾಡಿಗೆ ಕೋಣೆಯಲ್ಲಿ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಪಕ್ಕದ ಮನೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹಾಡುತ್ತ ರೊಟ್ಟಿ ಬಡಿಯುತ್ತಿದ್ದಳು. ಮುಗಿದ ಮೇಲೆ ಅವನು "ಆತೇನು?" ಎನ್ನುವನು. ಅವಳು "ಆತು ಮಾವ" ಎನ್ನುವಳು. ಅಷ್ಟೇ. ಅವಳು ಇನ್ನೂ ಹಾಡುತ್ತಾಳೆಂದು ಲೋಕದಲ್ಲಿ ತಿಳಿದಿದ್ದದ್ದು ಅವನೊಬ್ಬನಿಗೆ. ಈಗ ಆ ಹಾಡನ್ನು ಕೇಳಿದವರೇ ಇಲ್ಲವೆಂದಾಯಿತು.

ಸಾಬರು ಆ ಪದವನ್ನೇ ಎತ್ತಿಕೊಂಡರು. ಮುದಿದನಿ, ಆದರೆ ಅಡಿ ತಪ್ಪದ ದನಿ. ಕಾಲುವೆಯ ಸೇತುವೆ ಬಂತು. ಪಕ್ಕದಲ್ಲಿ ಗೇಟು, ಅದರ ಕಬ್ಬಿಣದ ಚಕ್ರ. ಒಂದು ಕಡೆಯ ಬಣ್ಣ ಬೆರಳಿನ ಬಡಿತಕ್ಕೆ ಸವೆದು ಒಳಗಿನ ಲೋಹ ಹೊಳೆಯುತ್ತಿತ್ತು. ಅದರ ಮೇಲೆ ಸಾಬರ ಕಣ್ಣು ಬಿತ್ತು.

"ಎಣ್ಣಿ ತೀರಿದ ಮ್ಯಾಲ ಬೆಳಕೆಲ್ಲಿ ಹೋಯಿತು..."

ಅಲ್ಲಿಗೆ ದನಿ ನಿಂತಿತು. ಪೇಟಿಯ ಗಾಳಿಯೂ ನಿಂತಿತು. ಸಾಬರು ನಡುಸೇತುವೆಯಲ್ಲಿ ತಲೆ ತಗ್ಗಿಸಿ ನಿಂತುಬಿಟ್ಟರು. ಹೊತ್ತವರೂ ನಿಂತರು. "ಹಚ್ಚಲೇನ್ರೀ?" ಎಂದು ದುರುಗೇಶ ಹಿಂದಿನಿಂದ ಮೆಲ್ಲಗೆ ಕೇಳಿದ. ಅವನ ಬೆರಳು ಸ್ವಿಚ್ಚಿನ ಮೇಲಿತ್ತು.

ಮಂಜಿನಲ್ಲಿ ಸೂಗಮ್ಮನ ತಾಳವೊಂದೇ ಕೇಳಿಸುತ್ತಿತ್ತು.

ನಿಲ್ಲಿಸಬೇಕೆನ್ನಿಸಿತು ಅವಳಿಗೆ. ಎಲ್ಲರೂ ಸುಮ್ಮನಿರುವಾಗ ತಾನೊಬ್ಬಳೇ ಸದ್ದು ಮಾಡುತ್ತಿರುವ ಭಂಡತನ. ಆದರೂ ಕೈ ನಿಲ್ಲಲಿಲ್ಲ. ಸಾಬರ ಮುಖ ನೋಡಲು ಹೊರಳಿದ ಕಣ್ಣನ್ನು ತಡೆದಳು. ನೋಡಬಾರದು. ನೋಡಿದರೆ ಅವರಿಗೆ ಅವಸರವಾಗುತ್ತದೆ. ಕಣ್ಣು ಅರೆಮುಚ್ಚಿ, ಅದೇ ನಿಧಾನದಲ್ಲಿ ಒಂದು ಸುತ್ತು ಕೊಟ್ಟಳು. ಇನ್ನೊಂದು ಕೊಟ್ಟಳು. ಅವಳ ತಾಳದ ಕೆಳಗೆ ಕಾಲುವೆ ಹರಿಯುತ್ತಿತ್ತು. ಗಾದಿಲಿಂಗ ಆ ವೇದಿಕೆಯ ಮೇಲೆ ಎಷ್ಟು ಒಂಟಿಯಾಗಿ ಕುಳಿತಿದ್ದಿರಬೇಕೆಂದು ಅವಳಿಗೆ ಈಗ ತಿಳಿಯಿತು.

ಸುತ್ತುಗಳು ಹೋದವು. ಎಲ್ಲಿಂದಲೋ ಗಾಳಿ ಎಳೆದುಕೊಂಡ ಸದ್ದು. ಸಾಬರ ಪೇಟಿ ಉಸಿರಾಡಿತು, ಒಂದು ಸ್ವರ ನಡುಗುತ್ತ ನಿಂತಿತು. ದನಿ ಮಾತ್ರ ಬರಲಿಲ್ಲ. ಆಗದು ಎಂಬಂತೆ ಅವರು ತಲೆಯಾಡಿಸಿದರು.

ಪೆಟ್ಟು ಬಿತ್ತು.

ಬಿದ್ದ ಮೇಲೆ, ಒಂದು ರೆಪ್ಪೆಯಷ್ಟು ತಡೆದು, "ಹೇಳೋ ಗುರುವೆ" ಎಂದು ಒಂದು ಹೆಣ್ಣುದನಿ ಸೇತುವೆಯ ಮೇಲೆ ಎದ್ದಿತು. ಅದು ತನ್ನದೇ ಎಂದು ತಿಳಿಯಲು ಸೂಗಮ್ಮನಿಗೆ ಅರ್ಧ ಸಾಲು ಬೇಕಾಯಿತು. ಅಷ್ಟರಲ್ಲಿ ಹೊತ್ತವರು ಹೆಜ್ಜೆ ಎತ್ತಿದ್ದರು, ಸಾಬರ ಪೇಟಿ ಅವಳ ದನಿಯ ಹಿಂದೆ ಬಂದಿತ್ತು. ದುರುಗೇಶ ಸ್ವಿಚ್ಚಿನಿಂದ ಬೆರಳು ತೆಗೆದ.

ಕೊನೆಯ ಹಿಡಿ ಮಣ್ಣು ಬೀಳುವವರೆಗೂ ತಾಳ ನಿಲ್ಲಲಿಲ್ಲ.

ಜನ ಕಾಲುವೆಯಲ್ಲಿ ಕೈಕಾಲು ತೊಳೆದು ಒಬ್ಬೊಬ್ಬರಾಗಿ ಮಂಜಿನಲ್ಲಿ ಮರೆಯಾದರು. ದುರುಗೇಶ ಹಸಿಮಣ್ಣಿನ ಹತ್ತಿರ ಒಬ್ಬನೇ ನಿಂತಿದ್ದ. ಸೂಗಮ್ಮ ಬೆರಳಿನಿಂದ ದಾರ ಬಿಚ್ಚಿ, ತಾಳದ ಜೋಡಿಯನ್ನು ಒಂದರೊಳಗೊಂದು ಕೂಡಿಸಿ ಅವನ ಅಂಗೈಯಲ್ಲಿ ಇಟ್ಟಳು.

"ನಿಮ್ಮ ಮಾವಂದು. ಕೊಡೋದಿತ್ತು."

ಅವನಿಗೆ ಹಿಡಿಯುವ ರೀತಿ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಬೊಗಸೆ ಮಾಡಿ ಹಿಡಿದುಕೊಂಡ. ಅಂಥ ಚಳಿಯಲ್ಲೂ ಕಂಚು ಬೆಚ್ಚಗಿತ್ತು.