ಅರ್ಧ ಉಸಿರು

ಅಪ್ಪನ ಶ್ವಾಸಕೋಶ ಇನ್ನೂ ಮೆತ್ತಗಿದ್ದರೆ ಮಾತ್ರೆ ಕೊಟ್ಟು ನೋಡಬಹುದು, ಗಟ್ಟಿಯಾಗಿದ್ದರೆ ನಮ್ಮ ಕೈಲಿ ಏನೂ ಇಲ್ಲ ಎಂದಿದ್ದರು ಡಾಕ್ಟರಮ್ಮ. ಅದನ್ನು ಅಳೆಸಲೆಂದೇ ಬೇಲೆಕೇರಿಯಿಂದ ಕಾರವಾರಕ್ಕೆ ಬಂದಿದ್ದೆವು. ದಾರಿಯುದ್ದಕ್ಕೂ ಕೆಮ್ಮಿದ ಅಪ್ಪ ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಮದುಮಗನ ಹಾಗೆ ತಲೆ ಬಾಚಿಕೊಂಡ.

ಮಲಗಿಸಿ, ಎದೆಯ ಮೇಲೆ ಗುಂಯ್‌ಗುಡುವ ಗುಂಡಿಯೊಂದನ್ನು ಇಟ್ಟರು. ಪಕ್ಕದಲ್ಲೇ ಸ್ಕ್ಯಾನಿಂಗ್, ಬಸುರಿಯರ ಹೊಟ್ಟೆ ನೋಡುವಂಥದ್ದೇ. ಗುಂಡಿಯ ನಡುಕ ಶ್ವಾಸಕೋಶದ ಮೇಲೆ ಎಷ್ಟು ಬೇಗ ಓಡುತ್ತದೆಂದು ಅದು ನೋಡುತ್ತದಂತೆ. ಬೇಗ ಓಡಿದರೆ ಗಟ್ಟಿ.

"ಪುಂಡಲೀಕರೇ, ಪೂರ್ತಿ ಉಸಿರು ಎಳೆದು ಹಿಡ್ಕೊಳ್ಳಿ."

ಅಪ್ಪ ಹಿಡಿದುಕೊಂಡ. ಪರದೆ ನೋಡಿ ಡಾಕ್ಟರಮ್ಮನ ಮುಖ ಅರಳಿತು. "ಅಷ್ಟೇನೂ ಗಟ್ಟಿಯಾಗಿಲ್ಲ. ಮಾತ್ರೆ ಶುರು ಮಾಡೋಣ."

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಹಣೆಯಲ್ಲೇ ಬರೆದಿಲ್ಲ. ಅಪ್ಪ ಬಂಡೆಗೆ ಕಚ್ಚಿಕೊಂಡ ನೀಲಿಕಲ್ಲು ಚಿಪ್ಪುಗಳನ್ನು ಸಮುದ್ರದಲ್ಲಿ ಮುಳುಗಿ ಕೀಳುತ್ತಿದ್ದವನು. ಮುಳುಗುವಾಗ ಅವನು ಎದೆ ತುಂಬ ಉಸಿರು ಎಳೆಯುತ್ತಿರಲಿಲ್ಲ. ತುಂಬಿದರೆ ನೀರು ಮೇಲಕ್ಕೆ ಎತ್ತಿಬಿಡುತ್ತದೆ. ಅರ್ಧ ಎಳೆದು ಬಾಯಿ ಬಿಗಿಯುತ್ತಿದ್ದ. ಈಗಲೂ ಹಾಗೇ ಮಾಡಿದ್ದ. ಕೆನ್ನೆ ನೋಡಿದರೇ ನನಗೆ ಗೊತ್ತಾಗುತ್ತದೆ.

"ಮೇಡಂ, ಅಪ್ಪ ತಕಂಡದ್ದು ಅರ್ಧ ಉಸಿರು."

ಅವರ ನಗು ನಿಂತಿತು. ಅರ್ಧ ಉಸಿರಲ್ಲಿ ಅಳೆದರೆ ಶ್ವಾಸಕೋಶ ಇದ್ದುದಕ್ಕಿಂತ ಮೆತ್ತಗೆ ಕಾಣುತ್ತದಂತೆ.

"ಅಪ್ಪಾ, ಇದು ಸಮುದ್ರ ಅಲ್ಲ ಮಾರಾಯ. ಎದೆ ತುಂಬ ಎಳಿ," ಎಂದು ಗದರಿದೆ.

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಎಳೆದ. ಕುತ್ತಿಗೆಯ ನರ ಉಬ್ಬಿ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಡಾಕ್ಟರಮ್ಮ ಗುಂಡಿಯನ್ನು ಎದೆಯ ಬೇರೆ ಬೇರೆ ಕಡೆ ಇಟ್ಟು ನೋಡಿದರು. ಕೊನೆಗೆ ಮಷೀನು ಬಂದ್ ಮಾಡಿ, ಎದೆಗೆ ಹಚ್ಚಿದ ಲೋಳೆಯನ್ನು ತಾವೇ ಒರೆಸಿದರು.

"ಪೂರ್ತಿ ಗಟ್ಟಿಯಾಗಿದೆ. ಮಾತ್ರೆಯಿಂದ ಪ್ರಯೋಜನ ಇಲ್ಲ."

ವಾಪಸು ಬಸ್ಸಿನಲ್ಲಿ ನನ್ನ ನಾಲಿಗೆಗೆ ಬೆಂಕಿ ಹಾಕುವಷ್ಟು ಸಿಟ್ಟು ಬಂತು. ಆದರೂ ಸುಳ್ಳು ಅಳತೆ ನಂಬಿ ಮಾತ್ರೆ ನುಂಗಿಸುವುದು ಹೇಗೆ? ಬಸ್ಸು ಅವರ್ಸಾ ದಾಟುವಾಗ ಅಪ್ಪನ ಕಡೆ ತಿರುಗಿದೆ.

"ರೂಢಿ ಅಲ್ದೇ ಅಪ್ಪಾ? ನೀನು ಬೇಕಂತ ಮಾಡದ್ದಲ್ಲ," ಎಂದೆ.

"ರೂಢಿ ಎಂತದು ಮಗಾ. ತುಂಬ ಎಳದ್ರೆ ಒಳಗೆ ಕಲ್ಲು ಅಡ್ಡ ಬಂದಂಗಾಗ್ತದೆ. ಅದು ಮಷೀನಿಗೆ ಸಿಕ್ಕಿಬೀಳ್ತದೆ ಅಂತ್ಲೇ ಅರ್ಧ ತಕಂಡೆ. ನೀ ಒಂದೆರಡು ತಿಂಗ್ಳಾದ್ರೂ ನಗ್ತಾ ಇರ್ತಿದ್ದೆ."